ತೂಕ ಇಳಿದದ್ದು ಗೊತ್ತಾಗುತ್ತದೆ, ಸಹನೆ ಹೆಚ್ಚಿದ್ದು ಹೇಗೆ ಗೊತ್ತಾಗಬೇಕು?

ಈ ವರ್ಷದ ಗುರಿಗಳ ಪಟ್ಟಿಯಲ್ಲಿ ತೂಕ, ಉಳಿತಾಯದ ಜೊತೆ "ರಾಜಕೀಯದ ವಿಷಯದಲ್ಲಿ ಬೇರೆ ಧರ್ಮದವರ ಬಗ್ಗೆ ಸಹನೆ" ಅಂತಲೂ ಬರೆದುಕೊಂಡಿದ್ದೀರಿ. ಉಳಿದದ್ದಕ್ಕೆಲ್ಲ ಅಳತೆ ಉಂಟು, ಇದೊಂದನ್ನು ತಿಂಗಳ ಕೊನೆಗೆ ಹೇಗೆ ನೋಡುವುದು, ನಮ್ಮ ಕರಾವಳಿಯಲ್ಲಿ ಇದು ಆಗುವ ಕೆಲಸವಾ ಅಂತ ಕೇಳಿದ್ದೀರಿ. ನಾನು ಮಂಗಳೂರಿನವ. ಸೊಸೈಟಿಯೊಂದರಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. ಹಾಗಾಗಿ ಮೊದಲು ಲೆಕ್ಕದ ಮಾತು.

"ಸಹನೆ" ಅಂತ ಕಾಲಂ ಹಾಕಿ ಹತ್ತಕ್ಕೆ ಇಷ್ಟು ಅಂತ ಮಾರ್ಕ್ ಕೊಟ್ಟುಕೊಂಡರೆ ಪ್ರತಿ ತಿಂಗಳೂ ಏಳೋ ಎಂಟೋ ಬರುತ್ತದೆ. ನಮಗೆ ನಾವೇ ಕೊಡುವ ಮಾರ್ಕ್ ಅಲ್ವಾ! ಮನಸ್ಸಿನಲ್ಲಿ ಏನಾಯಿತು ಅಂತ ಬರೆಯಬೇಡಿ. ಸಿಟ್ಟು ಬಂದರೆ ಬರಲಿ. ಆಡಿದ್ದು, ಮಾಡಿದ್ದು, ಫಾರ್ವರ್ಡ್ ಮಾಡಿದ್ದು, ಇಷ್ಟೇ ಬರೆಯಿರಿ. ಹಾಗೆಯೇ ಬೇರೆ ಧರ್ಮದವರು ಎಷ್ಟು ಜನ ಗೆಳೆಯರಾದರು ಅಂತ ಎಣಿಸಲು ಹೋಗಬೇಡಿ. ಪಕ್ಕದ ಮನೆಯ ಬ್ಯಾರಿ (ನಮ್ಮ ಕರಾವಳಿಯ ಮುಸ್ಲಿಂ) ಹುಡುಗನನ್ನು ಚಹಾಕ್ಕೆ ಕರೆದು ಪುಸ್ತಕದಲ್ಲಿ ಟಿಕ್ ಹಾಕಿದರೆ ಅದು ಅವನಿಗೆ ಕೊಟ್ಟ ಮರ್ಯಾದೆ ಅಲ್ಲ.

ಇಲ್ಲಿ ಇದು ಸಾಧ್ಯವಾ ಅಂದ ಕೂಡಲೇ ಜನ ಬಪ್ಪನಾಡಿನ ಉದಾಹರಣೆ ಕೊಡುತ್ತಾರೆ. ಮೂಲ್ಕಿಯ ಆ ದುರ್ಗಾಪರಮೇಶ್ವರಿ ದೇವಸ್ಥಾನದ ಕಥೆ ಬಪ್ಪ ಬ್ಯಾರಿ ಎಂಬ ಮುಸ್ಲಿಂ ವ್ಯಾಪಾರಿಯದ್ದು, ಜಾತ್ರೆಯಲ್ಲಿ ಅವರ ಮನೆತನದವರಿಗೆ ಪ್ರಸಾದ ಕೊಡುವ ಕ್ರಮ ಉಂಟು. ಜನವರಿಯಲ್ಲಿ ಕಾರ್ಕಳದ ಅತ್ತೂರು ಚರ್ಚಿಗೆ ಹೋಗಿ ಮೇಣದ ಬತ್ತಿ ಹಚ್ಚುವ ಹಿಂದೂಗಳೂ ಜಾಸ್ತಿಯೇ ಇದ್ದಾರೆ. ಇದೆಲ್ಲ ನಿಜ. ಆದರೆ ಹಬ್ಬದ ಲೆಕ್ಕ ಬೇರೆ, ರಾಜಕೀಯದ ಲೆಕ್ಕ ಬೇರೆ. ಬೆಳಿಗ್ಗೆ ಅತ್ತೂರಿಗೆ ಹೋಗಿ ಬಂದವನೇ ಸಂಜೆ ಕ್ರಿಶ್ಚಿಯನ್ನರ ಬಗ್ಗೆ ಏನೇನೋ ಫಾರ್ವರ್ಡ್ ಮಾಡಬಹುದು. ನಿಮ್ಮ ಗುರಿ ಎರಡನೆಯದಕ್ಕೆ ಸಂಬಂಧಪಟ್ಟದ್ದು.

ಹಾಗಾದರೆ ಬರೆಯುವುದು ಎಂತ? ನನ್ನ ಪ್ರಕಾರ ಒಂದೇ ಪ್ರಶ್ನೆ ಸಾಕು. ನನ್ನ ಕಡೆಯವರು ತಪ್ಪಿದಾಗ ನಾನೇನು ಮಾಡಿದೆ? ಎದುರಿನವರ ತಪ್ಪು ಹುಡುಕುವುದಕ್ಕೆ ಗುರಿ ಇಟ್ಟುಕೊಳ್ಳಬೇಕಾಗಿಲ್ಲ, ಅದು ತನ್ನಷ್ಟಕ್ಕೆ ಆಗುತ್ತದೆ.

2022ರ ಮಾರ್ಚ್ ನೆನಪು ಮಾಡಿಕೊಳ್ಳಿ. ಉಡುಪಿ ಹತ್ತಿರದ ಕಾಪುವಿನಲ್ಲಿ ಮಾರಿಪೂಜೆಯ ಸಮಯ. ಮುಸ್ಲಿಂ ವ್ಯಾಪಾರಿಗಳಿಗೆ ಜಾತ್ರೆಯಲ್ಲಿ ಜಾಗ ಇಲ್ಲ ಅಂತ ಆಯಿತು. ಬಪ್ಪನಾಡಿನಲ್ಲೂ ಅಂಥದ್ದೇ ಬ್ಯಾನರ್ ಬಂತು. ಗಲಾಟೆ ವಿಧಾನಸಭೆಗೆ ಹೋದಾಗ ಆಗಿನ ಬಿಜೆಪಿ ಸರಕಾರ ತೋರಿಸಿದ್ದು ಧಾರ್ಮಿಕ ದತ್ತಿ ನಿಯಮವನ್ನು. ದೇವಸ್ಥಾನದ ಹತ್ತಿರದ ಜಮೀನು, ಕಟ್ಟಡ, ನಿವೇಶನಗಳನ್ನು ಹಿಂದೂಗಳಲ್ಲದವರಿಗೆ ಲೀಸಿಗೆ ಕೊಡಬಾರದು ಅಂತ ಅದರಲ್ಲಿ ಉಂಟು. ಆ ನಿಯಮ 2002ರದ್ದು, ಆಗ ಇದ್ದದ್ದು ಎಸ್.ಎಂ. ಕೃಷ್ಣ ಅವರ ಕಾಂಗ್ರೆಸ್ ಸರಕಾರ. ಈಗ ಹೇಳಿ. ಬಿಜೆಪಿಯವರಾದ ಎಷ್ಟು ಜನ, ದಿನದ ಜಾತ್ರೆಯಲ್ಲಿ ಬಳೆ ಮಾರುವವನಿಗೆ ಲೀಸಿನ ನಿಯಮ ಯಾಕೆ ಅಂತ ತಮ್ಮ ಪಕ್ಷವನ್ನು ಕೇಳಿದರು? ಕಾಂಗ್ರೆಸ್‌ನವರಾದ ಎಷ್ಟು ಜನ, ಈ ನಿಯಮ ನಮ್ಮ ಕಾಲದಲ್ಲೇ ಬಂತಲ್ಲ ಅಂತ ಒಪ್ಪಿದರು? ನೀವು ಯಾವ ಕಡೆಯೇ ಇರಿ, ಆ ತಿಂಗಳ ಪುಟದಲ್ಲಿ ಬರೆಯಲು ಏನಾದರೂ ಸಿಗುತ್ತಿತ್ತು. ಅದೇ ವರ್ಷ ಜುಲೈಯಲ್ಲಿ ದಕ್ಷಿಣ ಕನ್ನಡದಲ್ಲಿ ಕೆಲವೇ ದಿನಗಳ ಅಂತರದಲ್ಲಿ ಎರಡೂ ಧರ್ಮಕ್ಕೆ ಸೇರಿದ ಮೂವರು ಯುವಕರ ಕೊಲೆಯಾಯಿತು. ಮೂರಕ್ಕೂ ಒಂದೇ ಥರ ಸಂಕಟಪಟ್ಟವರನ್ನು ಹುಡುಕಬೇಕಿತ್ತು.

ಸ್ವಂತದವರ ಸಿಟ್ಟು ಎದುರಿಸುವುದು ಹೇಗಿರುತ್ತದೆ ಅಂತ ನೋಡಬೇಕಾದರೆ ನಿಮ್ಮ ಉಡುಪಿಯದ್ದೇ ಉದಾಹರಣೆ ಉಂಟು. 2017ರ ಜೂನ್‌ನಲ್ಲಿ ಪೇಜಾವರದ ವಿಶ್ವೇಶತೀರ್ಥ ಸ್ವಾಮಿಗಳು ಕೃಷ್ಣ ಮಠದಲ್ಲಿ ಇಫ್ತಾರ್ ಕೂಟ ಇಟ್ಟರು. ಅವರೇನು ಬುದ್ಧಿಜೀವಿಗಳ ಪಾಳಯದವರಲ್ಲ, ಅಯೋಧ್ಯೆ ಚಳವಳಿಯಲ್ಲಿ ಮುಂದೆ ನಿಂತವರು. ಆಕ್ಷೇಪ ಬಂದದ್ದು ಹಿಂದೂ ಸಂಘಟನೆಗಳಿಂದಲೇ. ಸ್ವಾಮಿಗಳು ಮಾತ್ರ ತಾವು ಮಾಡಿದ್ದು ಸರಿ ಅಂತಲೇ ಹೇಳಿದರು. ಅವರ ಉಳಿದ ರಾಜಕೀಯ ನನಗೆ ಅಷ್ಟು ಒಪ್ಪಿಗೆ ಇಲ್ಲ, ಆದರೆ ಈ ವಿಷಯದಲ್ಲಿ ಪೂರ್ತಿ ಮಾರ್ಕ್.

ನಮಗೆ ನಿಮಗೆ ಅಷ್ಟು ದೊಡ್ಡ ಅವಕಾಶ ಬರುವುದಿಲ್ಲ. ನಮಗೆ ಬರುವುದು ವಾಟ್ಸ್ಆ್ಯಪ್. ನಮ್ಮ ಮನೆಯ ಗ್ರೂಪಿನಲ್ಲಿ ದೊಡ್ಡಪ್ಪ ಒಮ್ಮೆ ಹೊಡೆದಾಟದ ವಿಡಿಯೋ ಹಾಕಿದರು. "ನಿನ್ನೆ ರಾತ್ರಿ ನಮ್ಮ ಬಂದರಿನಲ್ಲಿ, ಎಲ್ಲರಿಗೂ ಕಳಿಸಿ" ಅಂತ ಕೆಳಗೆ. ನಿಲ್ಲಿಸಿ ನೋಡಿದರೆ ಹಿಂದಿನ ಅಂಗಡಿಯ ಬೋರ್ಡು ಬಂಗಾಳಿಯಲ್ಲಿ ಉಂಟು. "ದೊಡ್ಡಪ್ಪ, ಬೋರ್ಡ್ ನೋಡಿ, ಇದು ನಮ್ಮ ಊರಲ್ಲ" ಅಂತ ಹಾಕಿದೆ. "ನೀನು ಈಗ ಯಾವ ಪಾರ್ಟಿ ಮಾರಾಯ?" ಅಂತ ಉತ್ತರ ಬಂತು. ಅತ್ತೆ ಅಷ್ಟರಲ್ಲಿ ಗುಲಾಬಿ ಹೂವಿನ ಶುಭೋದಯ ಹಾಕಿ ಮಾತು ತಿರುಗಿಸಿದರು. ವಿಡಿಯೋ ಡಿಲೀಟ್ ಆಗಲಿಲ್ಲ. ನನ್ನ ಪುಸ್ತಕದಲ್ಲಿ ಬರೆದದ್ದು "ಕೇಳಿದೆ" ಅಂತ ಮಾತ್ರ. ದೊಡ್ಡಪ್ಪ ಬದಲಾದರಾ ಇಲ್ಲವಾ ಅನ್ನುವುದು ನಮ್ಮ ಲೆಕ್ಕಕ್ಕೆ ಬರುವುದಿಲ್ಲ. ಅದನ್ನೂ ಸೇರಿಸಿದರೆ ಮಾರ್ಚ್ ಬರುವಾಗ ಪುಸ್ತಕ ಅಟ್ಟಕ್ಕೆ ಹೋಗುತ್ತದೆ.

ಚುನಾವಣೆ ಬರುವ ವರ್ಷವಾದರೆ ಒಂದು ಪುಟ ಅದಕ್ಕೇ ಇಡಿ. ಕಾರ್ಯಕರ್ತರು ಮನೆಗೆ ಬಂದು "ನಮ್ಮವರು ನಮ್ಮವರಿಗೇ ಹಾಕಬೇಕು" ಅಂತಾರಲ್ಲ, ಅದು ಸುಮ್ನೆ ಬಾಯಿಮಾತು ಅಂತ ಜನ ತಿಳಿದಿದ್ದಾರೆ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 123(3) ಕಲಂ ಪ್ರಕಾರ ಅಭ್ಯರ್ಥಿಯಾಗಲಿ, ಅವನ ಏಜೆಂಟನಾಗಲಿ, ಅಭ್ಯರ್ಥಿಯ ಒಪ್ಪಿಗೆಯಿಂದ ಬೇರೆಯವರಾಗಲಿ ಧರ್ಮದ ಹೆಸರಲ್ಲಿ ಮತ ಕೇಳಿದರೆ ಅದು ಭ್ರಷ್ಟ ಆಚರಣೆ. ಅಭ್ಯರ್ಥಿಯ ಧರ್ಮ ಮಾತ್ರ ಅಲ್ಲ, ಮತದಾರನ ಧರ್ಮ ಹಿಡಿದು ಕೇಳಿದರೂ ತಪ್ಪೇ ಅಂತ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ 2017ರ ಜನವರಿ 2ರಂದು 4-3ರ ಬಹುಮತದಲ್ಲಿ ಹೇಳಿತು. ಸಾಬೀತಾದರೆ ಗೆದ್ದ ಚುನಾವಣೆಯೂ ರದ್ದಾಗಬಹುದು. ಫಲಿತಾಂಶ ಬಂದ 45 ದಿನಗಳ ಒಳಗೆ ಸಾಮಾನ್ಯ ಮತದಾರನೂ ಹೈಕೋರ್ಟಿಗೆ ಅರ್ಜಿ ಹಾಕಬಹುದು. ಕೋರ್ಟು ಕಚೇರಿ ಎಲ್ಲ ಬೇಡ ಅಂತಿದ್ದರೆ ಚುನಾವಣೆ ಸಮಯದಲ್ಲಿ ಆಯೋಗದ ಸಿ-ವಿಜಿಲ್ ಆ್ಯಪ್‌ನಲ್ಲಿ ಫೋಟೋ, ವಿಡಿಯೋ ಹಾಕಿ ದೂರು ಕೊಡಬಹುದು. ಆದರೆ ನೀವು ಮತ ಹಾಕುವ ಪಕ್ಷದವನೇ ಹಾಗೆ ಕೇಳಿದಾಗ ಫೋನ್ ಹೊರಗೆ ತೆಗೆದಿರಾ? ಪುಟದಲ್ಲಿ ಬರೆಯಬೇಕಾದದ್ದು ಅದು. ಫೋನ್ ತೆಗೆಯುವ ಧೈರ್ಯ ಇಲ್ಲದಿದ್ದರೆ "ಅದು ಬಿಡಿ, ನಮ್ಮ ಓಣಿಯ ಚರಂಡಿ ಯಾವಾಗ?" ಅಂತಾದರೂ ಕೇಳಿ. ಅದಕ್ಕೂ ಒಂದು ಗೆರೆ ಬರೆದುಕೊಳ್ಳಿ, ನನ್ನ ಆಕ್ಷೇಪ ಇಲ್ಲ.

ಇದಕ್ಕೆ ಯಾವ ಆ್ಯಪ್ ಒಳ್ಳೆಯದು ಅಂತಲೂ ಕೇಳಿದ್ದೀರಿ. ನೋಟ್‌ಬುಕ್ ಸಾಕು. ದಿನಾ ಬರೆಯಬೇಡಿ, ಬೇಸರ ಬರುತ್ತದೆ. ಘಟನೆ ಆದಾಗ ತಾರೀಕು ಹಾಕಿ ಒಂದು ಸಾಲು, ತಿಂಗಳಿಗೊಮ್ಮೆ ಓದುವುದು. ಒಂದು ತಿಂಗಳು ಪೂರ್ತಿ ಖಾಲಿ ಇದ್ದರೆ ಎರಡರಲ್ಲಿ ಒಂದು, ನಿಮ್ಮ ಕಡೆಯವರು ಆ ತಿಂಗಳು ಬಂಗಾರದಂಥವರಾಗಿದ್ದರು ಅಥವಾ ನೀವು ನೋಡಲಿಲ್ಲ. ಜನವರಿಯಲ್ಲಿ ಶುರು ಮಾಡಿದ್ದು ಫೆಬ್ರವರಿಗೆ ನಿಂತುಹೋದರೂ ತೊಂದರೆ ಇಲ್ಲ. ನಮಗೆ ಏಪ್ರಿಲ್‌ನಲ್ಲಿ ಬಿಸು ಉಂಟಲ್ಲ, ಅದೂ ಹೊಸ ವರ್ಷವೇ. ಅಂದು ಬೆಳಿಗ್ಗೆ ದೇವರ ಮುಂದೆ ಜೋಡಿಸಿಟ್ಟ ಕಣಿ ನೋಡಿ ಮತ್ತೆ ಶುರು ಮಾಡಿ.