ಅಣ್ಣನ ಕೆನೆಡಿ ಕಾಯಿಲೆ ಮಕ್ಕಳಲ್ಲಿ ಯಾರಿಗೆ ಬರುತ್ತದೆ?

ಪ್ರಶ್ನೆ: ನನ್ನ ಅಣ್ಣನಿಗೆ 46 ವರ್ಷ. ಬಹಳ ವರ್ಷಗಳಿಂದ ಕೈ ನಡುಗುತ್ತಿತ್ತು, ರಾತ್ರಿ ಮೀನಖಂಡ ಹಿಡಿದುಕೊಳ್ಳುತ್ತಿತ್ತು. ಈಗ ಮೆಟ್ಟಿಲು ಹತ್ತಲು ಕಂಬಿ ಬೇಕು, ತೊಡೆ ಸೊರಗಿದೆ, ಮಾತು ಮೂಗಿನಲ್ಲಿ ಬರುತ್ತದೆ. ಮೊದಲು ಎಎಲ್‌ಎಸ್ (ಚಲನ ನರಕೋಶಗಳು ಬೇಗ ಕೆಡುವ ಮಾರಕ ಕಾಯಿಲೆ) ಇರಬಹುದು ಎಂದರು, ಮನೆಯವರೆಲ್ಲ ಕುಸಿದುಹೋದೆವು. ಆಮೇಲೆ ಜೀನ್ ಪರೀಕ್ಷೆಯಲ್ಲಿ ‘ಕೆನೆಡಿ ಕಾಯಿಲೆ, ಸಿಎಜಿ 45’ ಎಂದು ಬಂತು. ನಮ್ಮ ಸೋದರಮಾವನಿಗೂ ಹೀಗೇ ಆಗಿ ಕೊನೆಗೆ ಗಾಲಿಕುರ್ಚಿಯಲ್ಲಿದ್ದರು. ಅಣ್ಣನಿಗೆ ಒಬ್ಬ ಮಗ, ಒಬ್ಬಳು ಮಗಳು. ನನಗೆ 15 ಮತ್ತು 11 ವರ್ಷದ ಇಬ್ಬರು ಗಂಡುಮಕ್ಕಳು. ಗಂಡುಮಕ್ಕಳಿಗೆಲ್ಲ ಈಗಲೇ ಪರೀಕ್ಷೆ ಮಾಡಿಸಬೇಕೇ? ಸ್ನಾಯು ಬೆಳೆಯಲು ಟೆಸ್ಟೋಸ್ಟೆರಾನ್ ಚುಚ್ಚುಮದ್ದು ತೆಗೆದುಕೋ ಎಂದು ಅಣ್ಣನ ಸ್ನೇಹಿತರೊಬ್ಬರು ಒತ್ತಾಯ ಮಾಡುತ್ತಿದ್ದಾರೆ. ಎಲ್ಲ ತನ್ನಿಂದಲೇ ಆಯಿತು ಎಂದು ಅಮ್ಮ ದಿನವೂ ಅಳುತ್ತಾರೆ.
– ಒಬ್ಬ ತಂಗಿ

ಉತ್ತರ: ಚುಚ್ಚುಮದ್ದಿನ ಮಾತು ಮೊದಲು. ಅದು ಬೇಡವೇ ಬೇಡ. ಈ ಕಾಯಿಲೆ ಬೆಳೆಯುವುದೇ ಟೆಸ್ಟೋಸ್ಟೆರಾನ್ ಆಸರೆಯಲ್ಲಿ. ಆ ಹಾರ್ಮೋನು ಹೋಗಿ ಕೂಡಿಕೊಳ್ಳುವ ಗ್ರಾಹಕ ಪ್ರೋಟೀನೊಂದು ನಮ್ಮ ಜೀವಕೋಶಗಳಲ್ಲಿದೆ. ಅದರ ಜೀನ್‌ನಲ್ಲಿ ಸಿಎಜಿ ಎಂಬ ಮೂರಕ್ಷರ ಸಾಲಾಗಿ ಮತ್ತೆ ಮತ್ತೆ ಬರುತ್ತದೆ. ಈ ಸಂಖ್ಯೆ 38 ಅಥವಾ ಅದಕ್ಕೂ ಹೆಚ್ಚಾದರೆ ಕೆನೆಡಿ ಕಾಯಿಲೆ. ಅಣ್ಣನ ವರದಿಯಲ್ಲಿರುವ 45 ಅಂದರೆ ಇದೇ. ಹೀಗೆ ಉದ್ದವಾದ ಪ್ರೋಟೀನಿಗೆ ಹಾರ್ಮೋನು ಅಂಟಿದಾಗ ಅದು ಕೋಶದ ಕೇಂದ್ರ ಸೇರಿ, ಅಲ್ಲಿ ಗಂಟುಕಟ್ಟಿ, ಬೆನ್ನುಹುರಿ ಮತ್ತು ಮಿದುಳುಕಾಂಡದ ಚಲನ ನರಕೋಶಗಳನ್ನು ನಿಧಾನವಾಗಿ ಕೆಡಿಸುತ್ತದೆ. ಸ್ನಾಯುವಿಗೂ ನೇರವಾಗಿ ಪೆಟ್ಟು ಬೀಳುತ್ತದೆ. ಹೊರಗಿನಿಂದ ಅದೇ ಹಾರ್ಮೋನನ್ನು ತುಂಬುವುದು ಒಲೆಗೆ ಸೌದೆ ಒಟ್ಟಿದ ಹಾಗೆ. ಬದಲಿಗೆ, ಹಾರ್ಮೋನನ್ನು ತಗ್ಗಿಸುವ ಲ್ಯೂಪ್ರೊರೆಲಿನ್ ಎಂಬ ಔಷಧವನ್ನು ಜಪಾನ್ 2017ರಲ್ಲಿ ಈ ಕಾಯಿಲೆಗೆ ಒಪ್ಪಿತು. ಅದರಿಂದ ಕಾಯಿಲೆ ವಾಸಿಯಾಗುವುದಿಲ್ಲ. ಲೈಂಗಿಕ ಆಸಕ್ತಿ ಕುಗ್ಗುತ್ತದೆ, ಮೂಳೆ ಸವೆಯುತ್ತದೆ. ಅಣ್ಣ, ಅತ್ತಿಗೆ ಇಬ್ಬರೂ ನರರೋಗ ತಜ್ಞರ ಎದುರು ಕೂತು ಮಾತಾಡಿ ನಿರ್ಧರಿಸಬೇಕಾದ ಸಂಗತಿ ಅದು.

ಇನ್ನೊಂದು ವಿಷಯವನ್ನು ನೀವು ಬರೆದಿಲ್ಲ, ಅಣ್ಣ ನಿಮ್ಮ ಬಳಿ ಹೇಳಿರಲಿಕ್ಕೂ ಇಲ್ಲ. ಈ ಕಾಯಿಲೆಯಲ್ಲಿ ಅನೇಕರಿಗೆ ಎದೆ ಹೆಂಗಸರಂತೆ ತುಂಬಿಕೊಳ್ಳುತ್ತದೆ. ನನ್ನ ಬಳಿ ಬರುವವರಲ್ಲಿ ಎಷ್ಟೋ ಜನ ಅದನ್ನು ದೊಗಲೆ ಅಂಗಿಯೊಳಗೆ ಮುಚ್ಚಿಟ್ಟುಕೊಂಡೇ ವರ್ಷಗಟ್ಟಲೆ ಓಡಾಡಿರುತ್ತಾರೆ. ನಾಚಿಕೆಯಿಂದ ಬಾಯಿ ಬಿಡುವುದಿಲ್ಲ. ಆದರೆ ಎಎಲ್‌ಎಸ್ ಅಲ್ಲ, ಕೆನೆಡಿ ಎಂದು ತೋರಿಸಿಕೊಡುವ ಗುರುತುಗಳಲ್ಲಿ ಅದೂ ಒಂದು. ಗದ್ದ ಮತ್ತು ತುಟಿಯ ಸುತ್ತ ಚರ್ಮದಡಿ ಪಟಪಟ ಅದುರುವುದು, ಮಂಡಿಗೆ ತಟ್ಟಿದರೆ ಕಾಲು ಚಿಮ್ಮದಿರುವುದು, ಸ್ನಾಯು ಸವೆದಾಗ ರಕ್ತಕ್ಕೆ ಸೇರುವ ಸಿಕೆ ಎಂಬ ಕಿಣ್ವ ಏರಿರುವುದು ಉಳಿದ ಗುರುತುಗಳು. ಮುಖ್ಯ ವ್ಯತ್ಯಾಸ ವೇಗದ್ದು. ಎಎಲ್‌ಎಸ್ ಬಹುತೇಕರನ್ನು ಕೆಲವೇ ವರ್ಷಗಳಲ್ಲಿ ಕೊಂಡೊಯ್ಯುತ್ತದೆ. ಕೆನೆಡಿ ದಶಕಗಟ್ಟಲೆ ನಿಧಾನವಾಗಿ ಸಾಗುತ್ತದೆ, ಹೆಚ್ಚಿನವರ ಆಯುಷ್ಯ ಅಷ್ಟೇನೂ ಕಡಿಮೆಯಾಗುವುದಿಲ್ಲ. ಅಣ್ಣ ಮಕ್ಕಳ ಓದು, ಮದುವೆ ಎಲ್ಲವನ್ನೂ ನೋಡುವ ಲೆಕ್ಕದಲ್ಲೇ ಬದುಕನ್ನು ಯೋಜಿಸಲಿ.

ಈಗ ಮಕ್ಕಳ ವಿಷಯ. ಎಲ್ಲರೂ ಗಂಡುಮಕ್ಕಳ ಕಡೆಗೇ ನೋಡುತ್ತೀರಿ. ಆದರೆ ಈ ಜೀನ್ ಇರುವುದು ಎಕ್ಸ್ ಕ್ರೋಮೋಸೋಮಿನಲ್ಲಿ. ತಂದೆ ಮಗನಿಗೆ ಕೊಡುವುದು ವೈ, ಹಾಗಾಗಿ ಅಣ್ಣನ ಮಗನಿಗೆ ಅಪ್ಪನಿಂದ ಇದು ಬರುವುದಿಲ್ಲ. ಅತ್ತಿಗೆ ನಿಮ್ಮ ತಾಯಿಯ ಕಡೆಯ ರಕ್ತಸಂಬಂಧಿಯಾಗಿದ್ದರೆ ಮಾತ್ರ ಲೆಕ್ಕ ಬೇರೆ, ಅದನ್ನು ವೈದ್ಯರಿಗೆ ತಿಳಿಸಿ. ಮಗಳಿಗೆ ಮಾತ್ರ ಅಪ್ಪನ ಎಕ್ಸ್ ಬಂದೇ ಬಂದಿರುತ್ತದೆ, ಅವಳು ಖಂಡಿತವಾಗಿ ವಾಹಕಿ. ಅವಳು ಕಾಯಿಲೆ ಬೀಳುತ್ತಾಳೆ ಎಂದಲ್ಲ. ಹೆಂಗಸರಲ್ಲಿ ಈ ಹಾರ್ಮೋನು ಕಡಿಮೆ ಇರುವುದರಿಂದ ವಾಹಕಿಯರು ಸಾಮಾನ್ಯವಾಗಿ ಆರೋಗ್ಯವಾಗಿಯೇ ಇರುತ್ತಾರೆ, ಹೆಚ್ಚೆಂದರೆ ಸ್ನಾಯು ಹಿಡಿತ, ಸಣ್ಣ ನಡುಕ. ಅವಳು ದೊಡ್ಡವಳಾದ ಮೇಲೆ ಮನೆಯವರೇ ಸಮಾಧಾನವಾಗಿ ತಿಳಿಸಿ. ಮಕ್ಕಳು ಬೇಕೆನ್ನುವ ಹೊತ್ತಿಗೆ ಅವಳಿಗೆ ಆನುವಂಶಿಕ ಸಲಹೆಗಾರರ ನೆರವು ಬೇಕಾಗುತ್ತದೆ.

ನಿಮಗೆ ಈ ಜೀನ್ ಬಂದಿರುವ ಸಾಧ್ಯತೆ ಅರ್ಧ. ಬಂದಿದ್ದರೆ ಒಬ್ಬೊಬ್ಬ ಮಗನಿಗೂ ಅರ್ಧರ್ಧ. ಆದ್ದರಿಂದ ಮೊದಲು ಪರೀಕ್ಷೆ ಮಾಡಿಸಬೇಕಾದವರು ನೀವು, ಮಕ್ಕಳಲ್ಲ. ನಿಮ್ಮಲ್ಲಿ ಇಲ್ಲವೆಂದರೆ ಇಬ್ಬರೂ ಹುಡುಗರು ಪಾರು, ವಿಷಯ ಅಲ್ಲಿಗೇ ಮುಗಿಯಿತು. ಇದ್ದರೂ ಅವರಿಗೆ ಈಗ ಪರೀಕ್ಷೆ ಬೇಡ ಎಂದೇ ನನ್ನ ಖಚಿತ ಅಭಿಪ್ರಾಯ. ಲಕ್ಷಣಗಳು ಸಾಮಾನ್ಯವಾಗಿ ಮೂವತ್ತು ದಾಟಿದ ಮೇಲೆ ಬರುತ್ತವೆ, ಅದಕ್ಕೂ ಮುಂಚೆ ಶುರುಮಾಡುವ ಔಷಧವಿಲ್ಲ. ಹದಿನೈದರ ಹುಡುಗನ ತಲೆಯ ಮೇಲೆ ಆ ಭಾರ ಹೊರಿಸಿ ಏನು ಸಾಧಿಸಿದ ಹಾಗಾಯಿತು? 18 ತುಂಬಿದ ಮೇಲೆ ತಿಳಿಯಬೇಕೋ ಬೇಡವೋ ಎಂದು ಅವರೇ ಹೇಳಲಿ.

ಅಮ್ಮನ ಪಕ್ಕದಲ್ಲಿ ಕೂತು ಇಷ್ಟು ಹೇಳಿ: ಅಮ್ಮನ ಒಡಹುಟ್ಟಿದವರಿಗೂ ಮಗನಿಗೂ ಬಂದಿದೆ ಎಂದರೆ ಅದು ಅಮ್ಮನಿಗೂ ಅವರ ತಾಯಿಯಿಂದಲೇ ಬಂದದ್ದು. ವಿಲಿಯಂ ಕೆನೆಡಿ ಮತ್ತು ಸಂಗಡಿಗರು ಈ ಕಾಯಿಲೆಯನ್ನು ವಿವರಿಸಿದ್ದು 1968ರಲ್ಲಿ, ಜೀನ್ ಪತ್ತೆಯಾದದ್ದು 1991ರಲ್ಲಿ. ಅಣ್ಣ ಹುಟ್ಟುವ ಮುಂಚೆ ಇದನ್ನು ಪರೀಕ್ಷಿಸಿ ಹೇಳಬಲ್ಲ ವೈದ್ಯರು ಜಗತ್ತಿನಲ್ಲೇ ಇರಲಿಲ್ಲ.

ಅಣ್ಣನ ದಿನನಿತ್ಯಕ್ಕೆ ಬರುತ್ತೇನೆ. ಈ ಕಾಯಿಲೆಯಲ್ಲಿ ನನಗೆ ಹೆಚ್ಚು ಭಯ ನುಂಗುವುದರದ್ದು. ತುತ್ತು ಶ್ವಾಸನಾಳಕ್ಕೆ ಜಾರಿದರೆ ನ್ಯುಮೋನಿಯಾ ಆಗಬಹುದು. ಮಾತು ಆಗಲೇ ಮೂಗಿನಲ್ಲಿ ಬರುತ್ತಿರುವುದರಿಂದ ನುಂಗುವ ಪರೀಕ್ಷೆಯನ್ನು ತಡಮಾಡದೆ ಮಾಡಿಸಿ. ನೆಟ್ಟಗೆ ಕೂತು, ಸಣ್ಣ ತುತ್ತು, ಊಟದ ನಡುವೆ ಮಾತು ಬೇಡ. ವ್ಯಾಯಾಮ ಹಿತಮಿತವಾಗಿರಲಿ, ಮರುದಿನ ಕಾಲೆತ್ತಲಾರದಷ್ಟು ದಣಿಯಬಾರದು. ಸಕ್ಕರೆ ಮತ್ತು ಕೊಲೆಸ್ಟರಾಲ್ ಮೇಲೆ ಕಣ್ಣಿರಲಿ. ಯಕೃತ್ತಿನ ರಕ್ತಪರೀಕ್ಷೆಯಲ್ಲಿ ಎಎಲ್‌ಟಿ, ಎಎಸ್‌ಟಿ ಎಂಬ ಕಿಣ್ವಗಳು ಏರಿದ್ದನ್ನು ನೋಡಿ ಯಾರಾದರೂ ನೇರವಾಗಿ ಯಕೃತ್ತಿನ ಕಾಯಿಲೆ ಎಂದರೆ, ಸವೆಯುತ್ತಿರುವ ಸ್ನಾಯುವಿನಿಂದಲೂ ಅವು ಏರುತ್ತವೆ ಎಂಬುದನ್ನು ನೆನಪಿಸಿ, ಸಿಕೆ ವರದಿ ತೋರಿಸಿ. ಯಾವುದೇ ಶಸ್ತ್ರಚಿಕಿತ್ಸೆಗೆ ಮುಂಚೆ ಅರಿವಳಿಕೆ ತಜ್ಞರಿಗೆ ಕಾಯಿಲೆಯ ಹೆಸರು ಹೇಳಲೇಬೇಕು.