ಪಿಟ್ ಅಂದರೆ ಗುಂಡಿ ಅಲ್ಲ

ನಮಸ್ಕಾರ. ಸ್ಕಾಟ್ಲೆಂಡಿನ ಹಳ್ಳಿಗಾಡಿನಲ್ಲಿ ಒಂದೊಂದು ಚರ್ಚಿಗೆ ಸೇರಿದ ಪ್ರದೇಶಗಳಾದ ಪ್ಯಾರಿಷ್‌ಗಳಲ್ಲಿ ಊರ ಹೆಸರುಗಳು ಹುಟ್ಟಿದ ಬಗೆಯನ್ನು ಹೇಳುವ ನಿಮ್ಮ ಲೇಖನ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಬರವಣಿಗೆ ಸಲೀಸಾಗಿದೆ, ತೊಂದರೆ ಅಲ್ಲಿಲ್ಲ. ಇವತ್ತಿನ ಇಂಗ್ಲಿಷ್ ಸ್ಪೆಲಿಂಗ್ ನೋಡಿ ನೀವು ಅರ್ಥ ಹೇಳಿಬಿಡುತ್ತೀರಿ.

ಪೂರ್ವ ಸ್ಕಾಟ್ಲೆಂಡಿನ ಫೈಫ್ ಕರಾವಳಿಯ ಊರು ಪಿಟನ್‌ವೀಮ್ ತಗೊಳ್ಳಿ. 'ಪಿಟ್' ಅಂದರೆ ಗುಂಡಿ, ಊರಲ್ಲಿ ಸಂತ ಫಿಲನ್‌ನ ಗುಹೆಯೂ ಇದೆ, ಅಲ್ಲಿಗೆ ಸರಿಹೋಯಿತು ಅಂತ ಬರೆದಿದ್ದೀರಿ. ಗುಹೆ ಇರುವುದು ನಿಜ. ಆದರೆ ಅದು ಸೇರಿಕೊಂಡಿರುವುದು ಹೆಸರಿನ ಕೊನೆಯಲ್ಲಿ. 'ವೀಮ್' ಅಂದರೇ ಸ್ಕಾಟ್ಲೆಂಡಿನ ಹಳೆಯ ಗೇಲಿಕ್ ಭಾಷೆಯಲ್ಲಿ ಗುಹೆ. 'ಪಿಟ್' ಗೇಲಿಕ್ ಬರುವ ಮೊದಲು ಅಲ್ಲಿದ್ದ ಪಿಕ್ಟ್ ಜನರ ಮಾತು, ಜಮೀನಿನ ಒಂದು ಪಾಲು ಅಂತ. ಇಂಥ ಹೆಸರುಗಳು ಹೆಚ್ಚಾಗಿ ಪೂರ್ವ ಸ್ಕಾಟ್ಲೆಂಡಿನಲ್ಲಿವೆ, ಸುಮಾರು 300. ಅಷ್ಟೂ ಊರಲ್ಲಿ ಗುಂಡಿ ತೋಡಿದ್ದರಾ? ಬಹಳ ಕಡೆ ಪಿಟ್ ಆದಮೇಲಿನ ತುಂಡು ಗೇಲಿಕ್‌ನದು. ಅಂದರೆ ಗೇಲಿಕ್ ಮಾತಾಡುವವರು ಬಂದ ಮೇಲೂ ಈ ಜಮೀನಿನ ಪದ ಬಳಕೆಯಲ್ಲಿ ಉಳಿದಿತ್ತು. ಮುಂದೆ ಅದರ ಜಾಗಕ್ಕೆ ಊರು ಅನ್ನುವ ಅರ್ಥದ ಗೇಲಿಕ್ ಪದ ಬಂತು. ಪಿಟ್ಲಾಕ್ರಿ ಅನ್ನುವ ಊರಿನ ಗೇಲಿಕ್ ಹೆಸರು ಶುರುವಾಗುವುದು ಆ ಪದದಿಂದಲೇ. ನಿಮ್ಮ ಲೇಖನದ ನಿಜವಾದ ಕಥೆ ಇದು, ಇದಕ್ಕೆ ನೀವು ಒಂದು ಸಾಲೂ ಕೊಟ್ಟಿಲ್ಲ!

ಇನ್ನು ಆಧಾರಗಳು. 1790ರಲ್ಲಿ ಜಾನ್ ಸಿಂಕ್ಲೇರ್ ಅನ್ನುವವ ಇಡೀ ಸ್ಕಾಟ್ಲೆಂಡಿನ ವಿವರ ಕಲೆಹಾಕಲು ಪ್ಯಾರಿಷ್‌ಗಳ ಪಾದ್ರಿಗಳಿಗೆ ಪ್ರಶ್ನೆಪಟ್ಟಿ ಕಳಿಸಿದ. ಹೆಸರಿನ ಮೂಲ ಏನು ಅನ್ನುವ ಪ್ರಶ್ನೆ ಶುರುವಿನಲ್ಲೇ ಇತ್ತು. ಉತ್ತರಗಳು 1791ರಿಂದ 1799ರವರೆಗೆ ಅಚ್ಚಾದವು. ನೀವು ಅವನ್ನೇ ಕೊನೆಯ ಮಾತು ಅಂದುಕೊಂಡಿದ್ದೀರಿ. ಆ ಪಾದ್ರಿಗಳಲ್ಲಿ ಎಷ್ಟೋ ಜನರಿಗೆ ಗೇಲಿಕ್ ಬರುತ್ತಿರಲಿಲ್ಲ. ಕಿವಿಗೆ ಬಿದ್ದಂತೆ ಊಹಿಸಿದರು, ಸುಮ್ನೆ ನಿಮ್ಮ ಹಾಗೇ. ಆಗಿನವರು ಏನು ನಂಬಿದ್ದರು ಅನ್ನುವುದಕ್ಕೆ ಅವು ಒಳ್ಳೆ ಸಾಕ್ಷಿ. ಮೂಲ ಬೇಕಾದರೆ ಹಳೆಯ ದಾನಪತ್ರಗಳಲ್ಲಿ ಹೆಸರು ಹೇಗಿದೆ ನೋಡಬೇಕು. 19ನೇ ಶತಮಾನದ ಆರ್ಡ್‌ನೆನ್ಸ್ ಸರ್ವೆಯ, ಅಂದರೆ ನಕ್ಷೆ ಮಾಡುವ ಸರ್ಕಾರಿ ಇಲಾಖೆಯ, ಹೆಸರಿನ ಪುಸ್ತಕಗಳನ್ನೂ ನೀವು ಮುಟ್ಟಿಲ್ಲ. ಫಾರ್ಮು, ಹಳ್ಳ, ಗುಡ್ಡದ ಹೆಸರಿಗೆಲ್ಲ ಏನೇನು ಸ್ಪೆಲಿಂಗ್ ಇತ್ತು, ಯಾರು ಹೇಳಿದ್ದು ಅಂತ ಅವುಗಳಲ್ಲಿ ಬರೆದಿದ್ದಾರೆ. ಹೇಳಿದವರಲ್ಲಿ ಜಮೀನ್ದಾರರು, ಪಾದ್ರಿಗಳು, ಮೇಷ್ಟ್ರುಗಳೇ ಜಾಸ್ತಿ. ಬಡ ಗೇಣಿದಾರ ತನ್ನ ಹಳ್ಳವನ್ನು ಏನಂತ ಕರೆಯುತ್ತಿದ್ದನೋ, ಅದನ್ನು ಯಾರು ಕೇಳಬೇಕು ಅಲ್ವಾ?

ಊರ ಹೆಸರಿನ ಶುರುವಲ್ಲಿ ಬರುವ ಅಬರ್, ಇನ್ವರ್ ಎರಡೂ ನದಿ ಕೂಡುವ ಜಾಗ ಅನ್ನುವ ಪ್ಯಾರಾ ಇರಲಿ. ಶೆಟ್ಲೆಂಡ್ ದ್ವೀಪಗಳ ನಾರ್ಸ್ (ವೈಕಿಂಗರ ಭಾಷೆಯ) ಹೆಸರುಗಳನ್ನು ತೆಗೆದುಬಿಡಿ, ಅದು ಬೇರೆಯೇ ಲೇಖನ. ಫೈಫ್‌ನ ನಾಲ್ಕೈದು ಪ್ಯಾರಿಷ್ ಇಟ್ಟುಕೊಂಡು ಮತ್ತೆ ಬರೆಯಿರಿ. ಜೊತೆಗೊಂದು ನಕ್ಷೆ ಕಳಿಸಿ.