ಓದುಗರ ಪ್ರಶ್ನೆ: ಪರದೇಶದ ಪೌರತ್ವ, ಊರಿನ ತೋಟ

ಹೊರದೇಶದಲ್ಲಿ ನೆಲೆಸಿದ ಮಕ್ಕಳ ಪೌರತ್ವದ ಬಗ್ಗೆ ಕಾಸರಗೋಡು ಮತ್ತು ಮಂಜೇಶ್ವರ ತಾಲೂಕುಗಳಿಂದ ಬಂದ ಪ್ರಶ್ನೆಗಳಲ್ಲಿ ಕೆಲವಕ್ಕೆ ಈ ಸಂಚಿಕೆಯಲ್ಲಿ ಉತ್ತರಿಸಲಾಗಿದೆ. ಒಂದು ದೇಶದ ನಿಯಮವನ್ನು ಇನ್ನೊಂದು ದೇಶಕ್ಕೆ ಅನ್ವಯಿಸಿಕೊಂಡು ಗಾಬರಿಗೊಂಡವರೇ ಇವರಲ್ಲಿ ಹೆಚ್ಚು.

ಪ್ರಶ್ನೆ: ನನ್ನ ಮಗಳು 2021ರ ಜನವರಿಯಲ್ಲಿ ಓದಲೆಂದು ಕೆನಡಾಕ್ಕೆ ಹೋದವಳು, ಅಲ್ಲೇ ಕೆಲಸಕ್ಕೆ ಸೇರಿ, 2023ರ ಜುಲೈ 1ರಂದು ಪಿ.ಆರ್. (ಕಾಯಂ ವಾಸದ ಪರವಾನಗಿ) ಪಡೆದಳು. ಅವಳ ತಂದೆಗೆ ಹೃದಯದ ಶಸ್ತ್ರಚಿಕಿತ್ಸೆಯಾದಾಗ 2024ರ ನವೆಂಬರ್ 1ರಿಂದ 2025ರ ಜೂನ್ ಕೊನೆಯವರೆಗೆ ಊರಿನಲ್ಲೇ ಇದ್ದಳು. ಆರು ತಿಂಗಳಿಗಿಂತ ಹೆಚ್ಚು ಹೊರಗಿದ್ದರೆ ಅದುವರೆಗಿನ ವಾಸವೆಲ್ಲ ವ್ಯರ್ಥ, ಮತ್ತೆ ಮೊದಲಿನಿಂದ ಎಣಿಸಬೇಕು ಎಂದು ಅಮೆರಿಕದಲ್ಲಿ ಮಗನಿರುವ ನಮ್ಮ ಬಂಧುಗಳು ಹೇಳುತ್ತಾರೆ. ಇದು ನಿಜವೇ?
– ಓದುಗರೊಬ್ಬರು, ಬದಿಯಡ್ಕ

ಉತ್ತರ: ನಿಮ್ಮ ಬಂಧುಗಳು ಹೇಳಿದ್ದು ಅಮೆರಿಕದ ಮಾತು, ಅದೂ ಅರ್ಧ ಮಾತ್ರ. ಅಲ್ಲಿ ಗ್ರೀನ್ ಕಾರ್ಡ್ ಪಡೆದ ಮೇಲೆ ಸಾಮಾನ್ಯವಾಗಿ ಐದು ವರ್ಷಗಳ ನಿರಂತರ ವಾಸ ಬೇಕು, ಅದರಲ್ಲಿ ಕನಿಷ್ಠ 30 ತಿಂಗಳು ದೇಶದೊಳಗೇ ಇದ್ದಿರಬೇಕು. ಒಂದೇ ಸಲಕ್ಕೆ ಆರು ತಿಂಗಳಿಗಿಂತ ಹೆಚ್ಚು ಹೊರಗಿದ್ದರೆ ನಿರಂತರತೆ ಮುರಿಯಿತೆಂದು ಅಲ್ಲಿನ ಅಧಿಕಾರಿಗಳು ಭಾವಿಸುತ್ತಾರೆ. ಆದರೆ ಹೊರಗಿದ್ದದ್ದು ಒಂದು ವರ್ಷಕ್ಕಿಂತ ಕಡಿಮೆಯಾದರೆ, ಮನೆ, ಕೆಲಸ, ಕುಟುಂಬ ಅಲ್ಲೇ ಇತ್ತೆಂದು ದಾಖಲೆಗಳಿಂದ ತೋರಿಸಿ ಆ ಭಾವನೆಯನ್ನು ಅಲ್ಲಗಳೆಯಲು ಅವಕಾಶವಿದೆ.

ಕೆನಡಾದಲ್ಲಿ ಇಂಥ ನಿರಂತರತೆಯ ಪ್ರಶ್ನೆಯೇ ಇಲ್ಲ. ಅರ್ಜಿಗೆ ಸಹಿ ಹಾಕುವ ದಿನದಿಂದ ಹಿಂದಕ್ಕೆ ಐದು ವರ್ಷಗಳನ್ನು ಎಣಿಸಿ, ಅದರೊಳಗೆ 1,095 ದಿನ ಆ ದೇಶದಲ್ಲಿ ಇದ್ದಿರಬೇಕು ಎನ್ನುವುದಷ್ಟೇ ಅಲ್ಲಿನ ನಿಯಮ. ಪಿ.ಆರ್. ಆದ ಮೇಲಿನ ಪ್ರತಿ ದಿನಕ್ಕೆ ಒಂದು ದಿನ, ಅದಕ್ಕೂ ಮೊದಲು ವಿದ್ಯಾರ್ಥಿಯಾಗಿಯೋ ಕೆಲಸದ ಪರವಾನಗಿಯಲ್ಲೋ ಕಳೆದ ಪ್ರತಿ ದಿನಕ್ಕೆ ಅರ್ಧ ದಿನ ಸಿಗುತ್ತದೆ. ಆದರೆ ಅರ್ಧ ದಿನಗಳ ಒಟ್ಟು ಮೊತ್ತ 365ನ್ನು ಮೀರುವಂತಿಲ್ಲ.

ನಿಮ್ಮ ಮಗಳು 2026ರ ಜನವರಿ 31ರವರೆಗೆ ಅಲ್ಲೇ ಇದ್ದಳೆಂದು ಇಟ್ಟುಕೊಂಡು ಲೆಕ್ಕ ಹಾಕೋಣ. ಪಿ.ಆರ್. ಆದಂದಿನಿಂದ ಆ ದಿನದವರೆಗೆ 946 ದಿನಗಳಾಗುತ್ತವೆ. ತಂದೆಯ ಶುಶ್ರೂಷೆಗೆ ಊರಿನಲ್ಲಿದ್ದ 242 ದಿನಗಳನ್ನು ಕಳೆದರೆ ಉಳಿಯುವುದು 704. ಅದಕ್ಕೂ ಹಿಂದಿನ, ಐದು ವರ್ಷದ ಅವಧಿಯೊಳಗೆ ಬರುವ ಸುಮಾರು 880 ದಿನಗಳ ಅರ್ಧ 440 ಆದರೂ, ಮಿತಿಯ ಕಾರಣದಿಂದ ಸಿಗುವುದು 365 ಮಾತ್ರ. ಒಟ್ಟು 1,069. ಅಂದರೆ ಕೊರತೆ ಇರುವುದು ಬರೀ 26 ದಿನಗಳದ್ದು. ಫೆಬ್ರವರಿ ಮುಗಿಯುವುದರೊಳಗೆ ಅದು ತುಂಬುತ್ತದೆ. ತಂದೆಯ ಬಳಿ ಕಳೆದ ಎಂಟು ತಿಂಗಳಿಂದ ಅವಳಿಗೆ ಆದ ನಷ್ಟ ಆ ಎಂಟು ತಿಂಗಳು ಮಾತ್ರ, ಹಿಂದಿನ ಒಂದು ದಿನವೂ ಅಲ್ಲ. ಪಿ.ಆರ್. ಉಳಿಸಿಕೊಳ್ಳಲು ಐದು ವರ್ಷಗಳಲ್ಲಿ 730 ದಿನ ಅಲ್ಲಿದ್ದರೆ ಸಾಕಾದುದರಿಂದ, ಆ ಕಡೆಯಿಂದಲೂ ಆತಂಕಕ್ಕೆ ಕಾರಣವಿಲ್ಲ.

ಹಾಗೆಂದು 1,095ನೇ ದಿನ ತುಂಬಿದ ಮರುದಿನವೇ ಅರ್ಜಿ ಹಾಕುವುದು ಒಳ್ಳೆಯದಲ್ಲ. ನಡುವೆ ಮಾಡಿದ ಸಣ್ಣ ಪ್ರವಾಸವೊಂದು ಮರೆತುಹೋಗಿದ್ದರೆ ಅರ್ಜಿಯೇ ಬಿದ್ದುಹೋಗಬಹುದು. ಇನ್ನೂ ಕೆಲವು ವಾರ ಕಾದರೆ ನಷ್ಟವೇನಿಲ್ಲ. ದಿನಾಂಕಗಳನ್ನು ನೆನಪಿನಿಂದ ಬರೆಯದೆ ಪಾಸ್‌ಪೋರ್ಟಿನ ಪುಟ ತೆರೆದು ಬರೆಯಲಿ. ಮಂಗಳೂರಿನಿಂದ ಅಬುಧಾಬಿ ದಾರಿಯಾಗಿ ಹೋಗುವವರಿಗೆ ಇಲ್ಲಿ ಮುದ್ರೆ ಬಿದ್ದ ದಿನಕ್ಕೂ ಟೊರಾಂಟೊದಲ್ಲಿ ಇಳಿದ ದಿನಕ್ಕೂ ಒಂದು ದಿನದ ಅಂತರ ಬರುವುದುಂಟು. ಲೆಕ್ಕಕ್ಕೆ ಬೇಕಾದುದು ಕೆನಡಾದ ನೆಲಕ್ಕೆ ಕಾಲಿಟ್ಟ ದಿನ.

ಇನ್ನೊಂದು ವಿಷಯವನ್ನು ಅವಳು ಈಗಲೇ ತಿಳಿದಿರಬೇಕು. ಅರ್ಜಿಗೆ ಹಿಂದಿನ ನಾಲ್ಕು ವರ್ಷಗಳಲ್ಲಿ ಕೆನಡಾದ ಹೊರಗೆ ಒಂದೇ ದೇಶದಲ್ಲಿ ಸತತವಾಗಿ 183 ದಿನ ಅಥವಾ ಅದಕ್ಕಿಂತ ಹೆಚ್ಚು ಇದ್ದವರು ಆ ದೇಶದ ಪೊಲೀಸ್ ಪ್ರಮಾಣಪತ್ರ ಕೊಡಬೇಕಾಗುತ್ತದೆ. ಅವಳ 242 ದಿನಗಳು ಇದರೊಳಗೆ ಬರುವುದರಿಂದ ಭಾರತದ ಪ್ರಮಾಣಪತ್ರಕ್ಕೆ ಮುಂಚಿತವಾಗಿಯೇ ಪ್ರಯತ್ನಿಸಲಿ. ಐದರಲ್ಲಿ ಮೂರು ವರ್ಷಗಳ ಆದಾಯ ತೆರಿಗೆ ವಿವರ, ಸಲ್ಲಿಸುವ ಹೊಣೆ ಅವಳಿಗಿದ್ದಲ್ಲಿ, ಸಲ್ಲಿಕೆಯಾಗಿರಬೇಕು. ಪರೀಕ್ಷೆಯಲ್ಲಿ 20 ಪ್ರಶ್ನೆಗಳಿಗೆ 15 ಸರಿಯುತ್ತರ ಬೇಕು. ಅಲ್ಲೇ ಓದಿದವಳಿಗೆ ಇದು ಕಷ್ಟವಾಗದು.

ಪ್ರಶ್ನೆ: ಮೆಲ್ಬರ್ನ್‌ನಲ್ಲಿರುವ ನನ್ನ ಒಬ್ಬನೇ ಮಗ ಆಸ್ಟ್ರೇಲಿಯಾದ ಪೌರತ್ವಕ್ಕೆ ಅರ್ಜಿ ಹಾಕಲಿದ್ದಾನೆ. ಅಲ್ಲಿಯ ಪ್ರಜೆಯಾದರೆ ನಮ್ಮ ಅಡಿಕೆ ತೋಟದ ಮೇಲೆ ಅವನಿಗೆ ಹಕ್ಕಿರುವುದಿಲ್ಲ, ಈಗಲೇ ಮಾರಿಬಿಡಿ ಎಂದು ಕೆಲವರು ಹೇಳುತ್ತಾರೆ. ಅವನು ಅರ್ಜಿ ಹಾಕುವ ಮೊದಲೇ ದಾನಪತ್ರ ಮಾಡಿಕೊಡಲೇ?
– ಓದುಗರೊಬ್ಬರು, ನೀರ್ಚಾಲು

ಉತ್ತರ: ದಯವಿಟ್ಟು ಈ ಮಾತು ಕೇಳಿ ತೋಟ ಮಾರಬೇಡಿ. ಭಾರತದಲ್ಲಿ ವಾಸಿಸುವ ತಂದೆತಾಯಿಯಿಂದ ಉತ್ತರಾಧಿಕಾರವಾಗಿ ಬಂದ ಜಮೀನನ್ನು, ಅದು ಕೃಷಿಭೂಮಿಯಾದರೂ, ಹೊರದೇಶದ ಪ್ರಜೆಯಾದ ಮಗ ಇಟ್ಟುಕೊಳ್ಳಲು ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆ ಸ್ಪಷ್ಟವಾಗಿ ಅವಕಾಶ ಕೊಟ್ಟಿದೆ. ಅವನಿಗೆ ಇಲ್ಲದಿರುವುದು ಕೃಷಿಭೂಮಿ, ಪ್ಲಾಂಟೇಶನ್ ಮತ್ತು ತೋಟದ ಮನೆಗಳನ್ನು ಹೊಸದಾಗಿ ಕೊಳ್ಳುವ ಹಕ್ಕು.

ಅಪಾಯ ಇರುವುದು ನೀವು ಸುಲಭವೆಂದುಕೊಂಡ ದಾನಪತ್ರದಲ್ಲಿ. 2019ರ ನಿಯಮಗಳ ಪ್ರಕಾರ ಹೊರದೇಶದಲ್ಲಿ ನೆಲೆಸಿದವರು ಬಂಧುಗಳಿಂದ ಮನೆಯನ್ನೋ ನಿವೇಶನವನ್ನೋ ದಾನವಾಗಿ ಪಡೆಯಬಹುದು, ಆದರೆ ಕೃಷಿಭೂಮಿಯನ್ನು ಪಡೆಯುವಂತಿಲ್ಲ. ಈ ನಿರ್ಬಂಧ ಭಾರತದ ಪಾಸ್‌ಪೋರ್ಟ್ ಹೊಂದಿರುವ ಅನಿವಾಸಿಗೂ ಅನ್ವಯಿಸುತ್ತದೆ. ಆದ್ದರಿಂದ ಪೌರತ್ವಕ್ಕೆ ಮೊದಲೇ ದಾನಪತ್ರ ಬರೆದರೂ ತೊಡಕು ತಪ್ಪುವುದಿಲ್ಲ. ನಿಮ್ಮ ಕಾಲಾನಂತರ ತೋಟ ಮಗನಿಗೆ ಸೇರಬೇಕೆಂದು ವೀಲುನಾಮೆ ಬರೆದು, ನೋಂದಣಿ ಕಚೇರಿಯಲ್ಲಿ ದಾಖಲಿಸುವುದೇ ಸರಿಯಾದ ದಾರಿ; ಬರೆಯುವ ಮೊದಲು ಸ್ಥಳೀಯ ವಕೀಲರೊಬ್ಬರಿಗೆ ಆಧಾರಗಳನ್ನು (ಜಮೀನಿನ ಹಕ್ಕುಪತ್ರಗಳನ್ನು) ತೋರಿಸಿ. ಮುಂದೆ ಅವನು ಮಾರುವುದಾದರೆ ಭಾರತದಲ್ಲೇ ವಾಸಿಸುವ ಭಾರತೀಯ ಪ್ರಜೆಗೆ ಮಾರಬೇಕು. ಉತ್ತರಾಧಿಕಾರದ ಆಸ್ತಿ ಮಾರಿದ ಹಣವನ್ನು, ತೆರಿಗೆ ಕಟ್ಟಿ, ಒಂದು ಹಣಕಾಸು ವರ್ಷಕ್ಕೆ 10 ಲಕ್ಷ ಡಾಲರ್‌ವರೆಗೆ ಹೊರಗೆ ಒಯ್ಯಬಹುದು.

ನಮ್ಮ ಜಿಲ್ಲೆಯ ಕನ್ನಡಿಗರಿಗೆ ಒಂದು ವಿಶೇಷ ಎಚ್ಚರಿಕೆ ಅಗತ್ಯ. ಆಧಾರದಲ್ಲಿ ಹಳೆಯ ಕನ್ನಡ ಬರವಣಿಗೆಯಲ್ಲಿ ಮನೆಹೆಸರಿನೊಂದಿಗೆ ಇರುವ ಹೆಸರು, ವಿಲೇಜ್ ಆಫೀಸಿನ ತೀರ್ವೆ (ಭೂಕಂದಾಯ) ರಶೀದಿಯಲ್ಲಿ ಮಲಯಾಳದಲ್ಲಿ ಇನಿಶಿಯಲ್ ಸಹಿತ ಬಂದಿರುತ್ತದೆ. ಮಗನ ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರು ಮೂರನೆಯ ರೂಪದಲ್ಲಿರುತ್ತದೆ. ನೀವು ಇರುವಾಗ ಇದು ಯಾರಿಗೂ ತೊಂದರೆ ಎನಿಸುವುದಿಲ್ಲ, ಆದರೆ ಮುಂದೆ ಮೆಲ್ಬರ್ನ್‌ನಲ್ಲಿ ಕುಳಿತು ತಂದೆ ಮಗನ ಸಂಬಂಧವನ್ನು ಸಾಬೀತುಪಡಿಸಬೇಕಾದವನಿಗೆ ಇದೇ ದೊಡ್ಡ ಅಡ್ಡಿ. ಎರಡು ಹೆಸರಿನವರು ಒಬ್ಬರೇ ಎಂದು ವಿಲೇಜ್ ಆಫೀಸಿನಿಂದ ಕೊಡುವ ‘ವನ್ ಆ್ಯಂಡ್ ದ ಸೇಮ್’ ಪ್ರಮಾಣಪತ್ರಕ್ಕೆ ಅಕ್ಷಯ ಕೇಂದ್ರದ (ಕೇರಳದ ಸರಕಾರಿ ಆನ್‌ಲೈನ್ ಸೇವಾ ಕೇಂದ್ರ) ಮೂಲಕ ಅರ್ಜಿ ಕೊಡಿ. ಅದನ್ನು ನಿಮ್ಮ ಕೈಯಿಂದಲೇ ಮಾಡಿಸಿ ಆಧಾರದೊಂದಿಗೆ ಇಟ್ಟುಬಿಡಿ.

ಪ್ರಶ್ನೆ: ನನಗೆ 57 ವರ್ಷ. ಮಗ ಕರೆಸಿಕೊಂಡದ್ದರಿಂದ ಕೆನಡಾದ ಪಿ.ಆರ್. ಇದೆ. ಕನ್ನಡ, ತುಳು, ಮಲಯಾಳ ಬಿಟ್ಟರೆ ಬೇರೆ ಭಾಷೆ ಬಾರದು. ನನ್ನಂಥವರಿಗೆ ಪೌರತ್ವ ಸಿಗುವುದುಂಟೇ?
– ಓದುಗರೊಬ್ಬರು, ಪೈವಳಿಕೆ

ಉತ್ತರ: ಸಿಗುತ್ತದೆ, ಅಮ್ಮಾ. ಅಲ್ಲಿನ ಭಾಷಾ ನಿಯಮ ಮತ್ತು ಲಿಖಿತ ಪರೀಕ್ಷೆ 18ರಿಂದ 54 ವರ್ಷದವರಿಗೆ ಮಾತ್ರ. 1,095 ದಿನಗಳ ವಾಸ ನಿಮಗೂ ಬೇಕು, ಆದ್ದರಿಂದ ಊರಿಗೆ ಬಂದುಹೋದ ದಿನಾಂಕಗಳನ್ನು ಬರೆದಿಡಿ. ಪ್ರಮಾಣವಚನ ಇಂಗ್ಲಿಷ್ ಅಥವಾ ಫ್ರೆಂಚ್‌ನಲ್ಲಿರುತ್ತದೆ; ಮಗನಿಂದ ಹೇಳಿಸಿಕೊಂಡು ಮೊದಲೇ ಅಭ್ಯಾಸ ಮಾಡಿಕೊಳ್ಳಬಹುದು.

ಪ್ರಶ್ನೆ: ಕೆನಡಾ ಎರಡು ದೇಶಗಳ ಪೌರತ್ವವನ್ನು ಒಪ್ಪುತ್ತದೆ ಎನ್ನುತ್ತಾರೆ. ಹಾಗಾದರೆ ಭಾರತದ ಪಾಸ್‌ಪೋರ್ಟನ್ನೂ ಇಟ್ಟುಕೊಳ್ಳಬಹುದಲ್ಲವೇ?
– ಓದುಗರೊಬ್ಬರು, ಮಂಜೇಶ್ವರ

ಉತ್ತರ: ಕೆನಡಾ ಒಪ್ಪುತ್ತದೆ, ಭಾರತ ಒಪ್ಪುವುದಿಲ್ಲ. 1955ರ ಪೌರತ್ವ ಕಾಯ್ದೆಯ 9ನೇ ಕಲಮಿನಂತೆ, ಸ್ವಂತ ಇಚ್ಛೆಯಿಂದ ಬೇರೆ ದೇಶದ ಪೌರತ್ವ ಪಡೆದ ಕ್ಷಣದಿಂದಲೇ ಭಾರತದ ಪೌರತ್ವ ಕೊನೆಗೊಳ್ಳುತ್ತದೆ. ಅದಕ್ಕೆ ಯಾರ ಆದೇಶವೂ ಬೇಕಿಲ್ಲ. ಹಳೆಯ ಪಾಸ್‌ಪೋರ್ಟನ್ನು ಒಪ್ಪಿಸಿ ಪ್ರಮಾಣಪತ್ರ ಪಡೆಯಬೇಕು, ಆ ಹಳೆಯ ಪಾಸ್‌ಪೋರ್ಟ್ ಹಿಡಿದು ಪ್ರಯಾಣ ಮಾಡುವುದು ಅಪರಾಧ. ಆಮೇಲೆ ಸಿಗುವ, ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ಭಾರತ ಕೊಡುವ ಓಸಿಐ ಕಾರ್ಡಿನಿಂದ ಜೀವನಪರ್ಯಂತ ವೀಸಾ ಇಲ್ಲದೆ ಬಂದುಹೋಗಬಹುದು, ಆದರೆ ಅದು ಪೌರತ್ವವಲ್ಲ. ನನ್ನ ದೃಷ್ಟಿಯಲ್ಲಿ ನಿಜವಾದ ನಷ್ಟ ಮತದಾನದ ಹಕ್ಕಿನದು. ಪಿ.ಆರ್. ಮಾತ್ರ ಇರುವವರು ಭಾರತೀಯರೇ ಆಗಿ ಉಳಿಯುವುದರಿಂದ, ನಮೂನೆ 6ಎ ಸಲ್ಲಿಸಿ ಅನಿವಾಸಿ ಮತದಾರರಾಗಿ ಹೆಸರು ಸೇರಿಸಿಕೊಂಡು, ಚುನಾವಣೆಯ ದಿನ ಊರಿನಲ್ಲಿದ್ದರೆ ಪಾಸ್‌ಪೋರ್ಟ್ ತೋರಿಸಿ ತಮ್ಮ ಮತಗಟ್ಟೆಯಲ್ಲಿ ಮತ ಹಾಕಬಹುದು. ಗಡಿನಾಡಿನಲ್ಲಿ ಕನ್ನಡಿಗರ ಒಂದೊಂದು ಮತಕ್ಕೂ ಬೆಲೆಯಿದೆ. ಈ ಹಕ್ಕನ್ನು ಬಿಡುವ ಮೊದಲು ಮನೆಯವರೊಡನೆ ಕುಳಿತು ಆಲೋಚಿಸಿ.

ಪೌರತ್ವ ಪಡೆಯಲು ತೀರ್ಮಾನಿಸಿದರೆ, ಪ್ರಮಾಣವಚನದ ಬೆನ್ನಿಗೇ ಊರಿನ ಮದುವೆಗೋ ಕೋಲಕ್ಕೋ ಟಿಕೆಟ್ ತೆಗೆಯಬೇಡಿ. ಆ ದಿನದಿಂದ ಹಳೆಯ ಪಾಸ್‌ಪೋರ್ಟ್ ನಡೆಯದು. ಕೆನಡಾದ ಪಾಸ್‌ಪೋರ್ಟ್ ಬಂದು, ಓಸಿಐ ಅಥವಾ ವೀಸಾ ಕೈಸೇರುವವರೆಗೆ ಭಾರತಕ್ಕೆ ಹೊರಡಲು ಸಾಧ್ಯವಿಲ್ಲ.